ಜರಡಿಯಲ್ಲಿರುವ ಕಾಳು

ಧ್ಯಾನಕ್ಕಾಗಿ: ಲೂಕನ ಸುವಾರ್ತೆ 22ನೆಯ ಅಧ್ಯಾಯ, 31ರಿಂದ 34ರ ವರೆಗಿನ ವಚನಗಳು



ನಮ್ಮ ಕರ್ತನು ಹಿಡಿದುಕೊಡಲ್ಪಟ್ಟ ರಾತ್ರಿಯಲ್ಲಿ ಆಡಿದ ಒಂದು ಮಾತನ್ನು ನಾಲ್ಕು ಮಂದಿ ಸುವಾರ್ತಿಕರಲ್ಲಿ ಲೂಕನೊಬ್ಬನೇ ನಮಗಾಗಿ ಬರೆದಿಟ್ಟಿದ್ದಾನೆ. ರೊಟ್ಟಿಯೂ ಪಾತ್ರೆಯೂ ಕೊಡಲ್ಪಟ್ಟು ಹೆಚ್ಚು ಹೊತ್ತಾಗಿರಲಿಲ್ಲ. ಅಷ್ಟರಲ್ಲಿಯೇ ಶಿಷ್ಯರು ತಮ್ಮೊಳಗೆ ದೊಡ್ಡವನು ಯಾರೆಂದು ವಾದಿಸತೊಡಗಿದ್ದರು. ಆಗ ಕರ್ತನು ಪೇತ್ರನ ಕಡೆಗೆ ತಿರುಗಿ, ಸೀಮೋನನೆಂಬ ಅವನ ಹಳೆಯ ಹೆಸರನ್ನೇ ಎರಡು ಸಾರಿ ಹಿಡಿದು ಕರೆದು, ಸೈತಾನನು ಶಿಷ್ಯರೆಲ್ಲರನ್ನೂ ಗೋದಿಯಂತೆ ಜರಡಿಗೆ ಹಾಕಲು ಅಪ್ಪಣೆ ಬೇಡಿದ್ದಾನೆಂದು ತಿಳಿಸಿದನು. ಪೇತ್ರನ ನಂಬಿಕೆಯು ಬತ್ತದ ಹಾಗೆ ತಾನು ಬೇಡಿಕೊಂಡಿದ್ದೇನೆಂದೂ, ಅವನು ತಿರುಗಿಕೊಂಡ ಮೇಲೆ ತನ್ನ ಸಹೋದರರನ್ನು ಬಲಪಡಿಸಬೇಕೆಂದೂ ಹೇಳಿದನು. ಪೇತ್ರನಾದರೋ ಸೆರೆಗೂ ಮರಣಕ್ಕೂ ಸಿದ್ಧನಾಗಿದ್ದೇನೆಂದು ಉತ್ತರಕೊಟ್ಟನು. ಕೋಳಿ ಕೂಗುವದರೊಳಗೆ ನಡೆದದ್ದು ಏನೆಂಬದನ್ನು ನಾವೆಲ್ಲರೂ ಬಲ್ಲೆವು.

ಕಣದ ಕೆಲಸವನ್ನು ಬಲ್ಲ ನಮಗೆ ಈ ಹೋಲಿಕೆಯನ್ನು ವಿವರಿಸಬೇಕಾಗಿಲ್ಲ. ಕಾಳನ್ನು ಗಾಳಿಗೆ ತೂರಿದ ಮೇಲೆಯೂ ಕೆಲಸವು ಮುಗಿಯುವದಿಲ್ಲ. ಮಣ್ಣು, ಹುಡಿ, ಸಣ್ಣ ಕಡ್ಡಿ ಇನ್ನೂ ಉಳಿದಿರುತ್ತವೆ. ಆದಕಾರಣ ಹೆಂಗಸರು ಜರಡಿಯನ್ನು ಹಿಡಿದು ಕುಳಿತು ಅತ್ತಿಂದಿತ್ತ ಅಲ್ಲಾಡಿಸುತ್ತಾರೆ, ಸುತ್ತು ತಿರುಗಿಸುತ್ತಾರೆ. ಮಣ್ಣು ಕೆಳಗೆ ಉದುರುತ್ತದೆ. ಹೊಟ್ಟೆಲ್ಲಾ ಮೇಲೆದ್ದು ನಡುವೆ ಒಟ್ಟುಗೂಡುತ್ತದೆ. ಅದನ್ನು ಕೈಯಿಂದ ಎತ್ತಿ ಹೊರಗೆ ಹಾಕುತ್ತಾರೆ. ಆ ಹೊತ್ತಿನಲ್ಲಿ ಕಾಳಿಗೆ ಒಂದು ಗಳಿಗೆಯಾದರೂ ನಿಂತ ನೆಲವೆಂಬದಿಲ್ಲ. ಮೇಲಿದ್ದದ್ದು ಕೆಳಗಾಗುತ್ತದೆ, ಬಲಕ್ಕಿದ್ದದ್ದು ಎಡಕ್ಕಾಗುತ್ತದೆ. ನಂಬಿಕೆಯುಳ್ಳವನ ಆತ್ಮವು ಹೋರಾಟದಲ್ಲಿರುವಾಗ ಅದರ ಸ್ಥಿತಿಯು ಹೀಗೆಯೇ ಇರುವದು. ನಿನ್ನೆ ದೃಢವೆಂದು ತೋರಿದ್ದು ಇಂದು ಅಲುಗಾಡುವದು. ಬಾಲ್ಯದಿಂದ ಹಾಡಿದ ಸಂಗೀತವು ಬಾಯಿಗೆ ಬಂದರೂ ಹೃದಯಕ್ಕೆ ಇಳಿಯದು. ಇಂಥ ಸಮಯದಲ್ಲಿ ನಿಲ್ಲುವದು ಹೇಗೆ ಎಂಬದನ್ನು ಈ ವಾಕ್ಯದಿಂದ ಕಲಿಯೋಣ.

ಒಂದನೆಯದಾಗಿ, ಅಲ್ಲಾಡಿಸಲ್ಪಡುವದು ದೇವರು ನಮ್ಮನ್ನು ಕೈಬಿಟ್ಟದ್ದಕ್ಕೆ ಗುರುತಲ್ಲ.

ಕಷ್ಟವು ಬಂದ ಕೂಡಲೇ ನಮ್ಮಲ್ಲಿ ಅನೇಕರು, ನಾನು ದೇವರ ಮಗುವಾಗಿದ್ದರೆ ನನಗೆ ಹೀಗಾಗುತ್ತಿತ್ತೇ ಎಂದು ಕೇಳುತ್ತಾರೆ. ಆದರೆ ಯೋಚಿಸಿ ನೋಡಿರಿ: ಯಾವ ಒಕ್ಕಲಿಗನು ಕಲ್ಲನ್ನು ಜರಡಿಗೆ ಹಾಕಿ ದಿನವನ್ನು ಕಳೆಯುತ್ತಾನೆ? ಕಾಳು ಇರುವಲ್ಲಿಯೇ ಜರಡಿಯೂ ಇರುವದು. ಕರ್ತನ ಮೇಜಿನ ಬಳಿಯಲ್ಲಿ ಕುಳಿತಿದ್ದವರಿಗೇ ಈ ಎಚ್ಚರಿಕೆಯು ಬಂದಿತು. ದೂರ ನಿಂತವರಿಗೆ ಬರಲಿಲ್ಲ.

ಮತ್ತೊಂದನ್ನು ಗಮನಿಸಿರಿ. ಸೈತಾನನು ಬೇಡಿಕೊಳ್ಳಬೇಕಾಯಿತು. ಯೋಬನ ಚರಿತ್ರೆಯಲ್ಲಿಯೂ ಹಾಗೆಯೇ ಇದೆ. ಅವನ ದನಕರುಗಳ ಮೇಲೆ ಕೈಹಾಕುವದಕ್ಕೂ, ಅವನ ದೇಹವನ್ನು ಮುಟ್ಟುವದಕ್ಕೂ ಶತ್ರುವಿಗೆ ಅಪ್ಪಣೆ ಬೇಕಾಯಿತು, ಆ ಅಪ್ಪಣೆಗೂ ಒಂದು ಎಲ್ಲೆಯಿತ್ತು. ಕಣವು ಶತ್ರುವಿನದಲ್ಲ; ರಾಶಿಯೂ ಅವನದಲ್ಲ. ಅವನ ಉದ್ದೇಶವು ಕಾಳೇ ಉದುರಿಹೋಗಲಿ ಎಂಬದು. ಯಜಮಾನನ ಉದ್ದೇಶವಾದರೋ ಹೊಟ್ಟು ಹೋಗಿ ಕಾಳು ಉಳಿಯಲಿ ಎಂಬದು. ಜರಡಿ ಒಂದೇ, ಉದ್ದೇಶಗಳು ಎರಡು. ಕಡೆಗೆ ನೆರವೇರುವದು ಯಜಮಾನನ ಉದ್ದೇಶವೇ.

ಪೇತ್ರನಲ್ಲಿ ಉದುರಬೇಕಾದ ಹೊಟ್ಟು ಇತ್ತು. ಉಳಿದವರೆಲ್ಲರೂ ಹಿಂಜರಿದರೂ ತಾನು ಹಿಂಜರಿಯೆನು ಎಂಬ ಹೆಮ್ಮೆಯೇ ಆ ಹೊಟ್ಟು. ಅವನು ಸುಳ್ಳುಗಾರನಾಗಿರಲಿಲ್ಲ, ತಾನು ಹೇಳಿದ್ದನ್ನು ಮನಃಪೂರ್ವಕವಾಗಿಯೇ ಹೇಳಿದನು. ಆದರೆ ತನ್ನ ಪ್ರೀತಿಯ ಬಲವನ್ನು ನಂಬಿದನೇ ಹೊರತು ತನ್ನನ್ನು ಪ್ರೀತಿಸಿದಾತನ ಬಲವನ್ನು ನಂಬಲಿಲ್ಲ. ನಮ್ಮಲ್ಲಿಯೂ ಈ ಹೊಟ್ಟು ಎಷ್ಟೋ ಇದೆ. ಮೂರು ತಲೆಮಾರಿನ ಕ್ರೈಸ್ತರೆಂಬ ಹೆಮ್ಮೆ, ಸಭೆಯಲ್ಲಿ ಮುಂದಿನ ಸಾಲಿನ ಹೆಮ್ಮೆ, ನೆರೆಯವನಿಗಿಂತ ಚೆನ್ನಾಗಿ ಪ್ರಾರ್ಥಿಸುತ್ತೇನೆಂಬ ಹೆಮ್ಮೆ. ಗಾಳಿಯಿಲ್ಲದ ದಿನದಲ್ಲಿ ಹೊಟ್ಟೂ ಕಾಳೂ ಒಂದೇ ರಾಶಿಯಾಗಿ ತೋರುತ್ತವೆ. ಜರಡಿಯು ಅವುಗಳನ್ನು ಬೇರೆಮಾಡುವದು.

ಎರಡನೆಯದಾಗಿ, ಕರ್ತನು ಬೇಡಿಕೊಂಡದ್ದು ನಂಬಿಕೆಯು ಬತ್ತದಿರಲೆಂದೇ.

ಈ ಮಾತನ್ನು ಮೆಲ್ಲಗೆ ಓದಬೇಕು. ಪೇತ್ರನು ಜರಡಿಗೆ ಬೀಳದಿರಲಿ ಎಂದು ಕರ್ತನು ಬೇಡಲಿಲ್ಲ. ಅವನ ಕಾಲು ಜಾರದಿರಲಿ ಎಂದೂ ಬೇಡಲಿಲ್ಲ. ಅವನು ತಿರುಗಿಕೊಂಡ ಮೇಲೆ ಮಾಡಬೇಕಾದ ಕೆಲಸವನ್ನು ಆಗಲೇ ನೇಮಿಸಿದ್ದರಿಂದ, ಅವನು ಬಿದ್ದುಹೋಗುವನೆಂದು ಕರ್ತನಿಗೆ ತಿಳಿದಿತ್ತೆಂಬದು ಸ್ಪಷ್ಟ. ಆ ರಾತ್ರಿಯಲ್ಲಿ ಪೇತ್ರನ ಧೈರ್ಯವು ಹೋಯಿತು, ನಾಲಿಗೆಯು ಸುಳ್ಳಾಡಿತು, ಒಬ್ಬ ದಾಸಿಯ ಮುಂದೆ ಅವನ ಮರ್ಯಾದೆಯು ಮಣ್ಣುಪಾಲಾಯಿತು. ಆದರೆ ಒಂದು ಉಳಿಯಿತು. ಕರ್ತನು ತಿರುಗಿ ನೋಡಿದಾಗ ಅವನು ಆ ನೋಟವನ್ನು ಗುರುತಿಸಿದನು. ಹೊರಗೆ ಹೋಗಿ ಬಹಳವಾಗಿ ಅತ್ತನು. ಬೇಸಗೆಯಲ್ಲಿ ಹೊಲದ ಕರಿಕೆಯು ಮೇಲೆಲ್ಲಾ ಒಣಗಿ ಸತ್ತಂತೆ ತೋರಿದರೂ ಮಣ್ಣಿನೊಳಗೆ ಬೇರು ಜೀವದಿಂದಿರುತ್ತದೆ; ಮೊದಲ ಮಳೆಯು ಬಿದ್ದಾಗ ಅದು ತಿಳಿಯುವದು. ನಂಬಿಕೆಯು ಅಂಥ ಬೇರು. ಅದು ಉತ್ಸಾಹವಲ್ಲ, ಸಂತೋಷದ ಭಾವನೆಯೂ ಅಲ್ಲ. ಎಲ್ಲವೂ ಒಣಗಿದ ಮೇಲೆಯೂ ತನ್ನ ಒಡೆಯನು ಯಾರೆಂಬದನ್ನು ಮರೆಯದಿರುವದೇ ನಂಬಿಕೆ.

ಯೂದನೂ ತಾನು ಮಾಡಿದ್ದಕ್ಕಾಗಿ ಪಶ್ಚಾತ್ತಾಪಪಟ್ಟನೆಂದು ಮತ್ತಾಯನು ಬರೆಯುತ್ತಾನೆ. ಹಾಗಾದರೆ ಇಬ್ಬರಿಗೂ ಭೇದವೇನು? ಯೂದನು ತನ್ನ ದುಃಖವನ್ನು ಹೊತ್ತುಕೊಂಡು, ಅವನ ವಿಷಯದಲ್ಲಿ ಏನೂ ಚಿಂತೆಯಿಲ್ಲದ ಯಾಜಕರ ಬಳಿಗೆ ಹೋದನು. ಅಲ್ಲಿಂದ ಒಬ್ಬಂಟಿಗನಾಗಿ ಕತ್ತಲೆಗೆ ಹೋದನು. ಪೇತ್ರನಾದರೋ ನಾಚಿಕೆಯನ್ನು ಹೊತ್ತುಕೊಂಡೇ ಸಹೋದರರ ನಡುವೆ ಇದ್ದನು. ಮೂರನೆಯ ದಿನದ ಬೆಳಿಗ್ಗೆ ಮಗ್ದಲದ ಮರಿಯಳು ಓಡಿಬಂದಾಗ ಅವನು ಯೋಹಾನನ ಸಂಗಡ ಸಿಕ್ಕಿದನೆಂದು ನಾಲ್ಕನೆಯ ಸುವಾರ್ತೆಯಿಂದ ತಿಳಿಯುತ್ತದೆ. ಬಿದ್ದವನಿಗೆ ಇದಕ್ಕಿಂತ ದೊಡ್ಡ ಉಪದೇಶ ಬೇರೆ ಬೇಕೋ?

ನಮ್ಮ ಸುಧಾರಣಾ ಸಭೆಗಳ ಚರಿತ್ರೆಯಿಂದ ಒಂದು ದೃಷ್ಟಾಂತವನ್ನು ಕೊಡುತ್ತೇನೆ. ಮಾರ್ಟಿನ್ ಲೂಥರನು 1521ರಲ್ಲಿ ವೋರ್ಮ್ಸ್ ಪಟ್ಟಣದಲ್ಲಿ ಚಕ್ರವರ್ತಿಯ ಮುಂದೆ ನಿಂತು ತನ್ನ ಬರಹಗಳನ್ನು ಹಿಂತೆಗೆಯಲಾರೆನೆಂದು ಹೇಳಿದ್ದನ್ನು ಎಲ್ಲರೂ ಕೇಳಿದ್ದಾರೆ. ಆದರೆ ಆರು ವರ್ಷಗಳ ಮೇಲೆ ಅವನಿಗೆ ಬಂದ ಶೋಧನೆಯನ್ನು ಬಲ್ಲವರು ಕಡಿಮೆ. 1527ನೆಯ ಇಸವಿ ಜುಲೈ 6ರ ಬೆಳಿಗ್ಗೆ ಅವನ ಆತ್ಮಕ್ಕೆ ಎಂಥ ಅಂಧಕಾರವು ಕವಿಯಿತೆಂದರೆ, ಅವನು ತನ್ನ ಸಭಾಪಾಲಕನಾದ ಬೂಗೆನ್‌ಹಾಗೆನನನ್ನು ಕರೆಕಳುಹಿಸಿ ಪಾಪವನ್ನು ಅರಿಕೆಮಾಡಿ ಕ್ಷಮೆಯ ವಾಕ್ಯವನ್ನು ತನಗೆ ಹೇಳಬೇಕೆಂದು ಬೇಡಿಕೊಂಡನು. ಅದೇ ದಿನ ಸಂಜೆ ದೇಹವೂ ಕುಸಿಯಿತು. ಸಾಯುತ್ತೇನೆಂದೆಣಿಸಿ, ಗರ್ಭಿಣಿಯಾಗಿದ್ದ ಹೆಂಡತಿ ಕತರೀನಳನ್ನೂ ಒಂದು ವರ್ಷ ದಾಟಿದ ಮಗನಾದ ಹಾನ್ಸನನ್ನೂ ದೇವರಿಗೆ ಒಪ್ಪಿಸಿದನು. ದೇಹವು ಮೆಲ್ಲಗೆ ಚೇತರಿಸಿಕೊಂಡರೂ ಒಳಗಿನ ಹೋರಾಟವು ತಿಂಗಳುಗಟ್ಟಲೆ ಬಿಡಲಿಲ್ಲ.

ಅಷ್ಟರಲ್ಲಿ ವಿಟ್ಟೆನ್‌ಬರ್ಗ್ ಪಟ್ಟಣಕ್ಕೆ ಪ್ಲೇಗ್ ಬಂದಿತು. ವಿದ್ಯಾಲಯವನ್ನು ಯೇನಾ ಪಟ್ಟಣಕ್ಕೆ ಸಾಗಿಸಿದರು. ಅವನೂ ಹೊರಡಬೇಕೆಂದು ಅರಸನು ಹೇಳಿದನು. ಲೂಥರನು ಹೋಗಲಿಲ್ಲ. ಬೂಗೆನ್‌ಹಾಗೆನನೊಂದಿಗೆ ಉಳಿದು ರೋಗಿಗಳನ್ನು ನೋಡಿದನು, ಸಾಯುವವರ ಬಳಿಯಲ್ಲಿ ನಿಂತನು; ಅವನ ಮನೆಯೇ ಆಸ್ಪತ್ರೆಯಂತಾಯಿತು. ಡಿಸೆಂಬರ್ 10ರಂದು ಎಲಿಸಬೇತಳೆಂಬ ಮಗಳು ಹುಟ್ಟಿದಳು. 1528ರ ಆಗಸ್ಟ್ ತಿಂಗಳಲ್ಲಿ ಆ ಕೂಸು ತೀರಿಹೋಯಿತು. 46ನೆಯ ಕೀರ್ತನೆಯನ್ನು ಆಧರಿಸಿದ ಅವನ ಪ್ರಸಿದ್ಧ ಸಂಗೀತವು ಹೆಚ್ಚು ಕಡಿಮೆ ಈ ವರ್ಷಗಳಲ್ಲಿಯೇ ಹುಟ್ಟಿತು. ದೇವರು ಕೋಟೆಯೆಂದು ಹಾಡಿದವನು ಕೋಟೆಯೊಳಗೆ ಸುಖವಾಗಿ ಕುಳಿತು ಹಾಡಿದನೆಂದು ಎಣಿಸಬೇಡಿರಿ.

ಆ ವರ್ಷದಲ್ಲಿ ಅವನು ನಿಂತದ್ದು ಯಾವುದರಿಂದ? ಚಕ್ರವರ್ತಿಯ ಮುಂದಿನ ಧೈರ್ಯವು ಆಗ ಅವನ ಕೈಯಲ್ಲಿರಲಿಲ್ಲ. ಅವನು ಮೂರನ್ನು ಮಾಡಿದನು. ತನ್ನ ಹೃದಯವು ಹೇಳಿದ್ದನ್ನು ನಂಬದೆ, ಸಹೋದರನ ಬಾಯಿಂದ ಬಂದ ದೇವರ ವಾಕ್ಯವನ್ನು ಹಿಡಿದನು. ತನಗೋಸ್ಕರ ಬೇಡಿಕೊಳ್ಳಬೇಕೆಂದು ಸ್ನೇಹಿತರಿಗೆ ನಾಚಿಕೆಯಿಲ್ಲದೆ ಬರೆದನು. ಮತ್ತು ಆಯಾ ದಿನದ ಕೆಲಸವನ್ನು ಬಿಡಲಿಲ್ಲ. ಈ ಮೂರನ್ನೂ ಓದುಬರಹ ಬಾರದ ಮುದುಕಿಯೂ ಮಾಡಬಲ್ಲಳು.

ಮೂರನೆಯದಾಗಿ, ನಮ್ಮ ಹಳ್ಳಿಗಳಲ್ಲಿ ಜರಡಿಯು ಯಾವ ರೂಪದಲ್ಲಿ ಬರುತ್ತದೆಂದು ನೋಡೋಣ.

ಮನೆಯಲ್ಲಿ ಮಗುವಿಗೆ ಜ್ವರ ಬಿಡುವದಿಲ್ಲ. ಔಷಧ ಕೊಟ್ಟಾಯಿತು, ಪ್ರಾರ್ಥನೆಯೂ ಆಯಿತು. ಆಗ ಪ್ರೀತಿಯಿಂದಲೇ ನೆಂಟರು ಬಂದು, ಹಿರಿಯರ ಕಾಲದ ಹರಕೆಯನ್ನು ಬಿಟ್ಟದ್ದರಿಂದಲೇ ಹೀಗಾಯಿತೆಂದು ಹೇಳುತ್ತಾರೆ. ತಾಯಿಯ ಹೃದಯವು ಆ ಗಳಿಗೆಯಲ್ಲಿ ಎಷ್ಟು ಅಲ್ಲಾಡುವದೆಂಬದನ್ನು ಮಗುವನ್ನು ಮಡಿಲಲ್ಲಿಟ್ಟುಕೊಂಡವರೇ ಬಲ್ಲರು. ಅಮ್ಮಾ, ಆ ನೆಂಟರ ಮೇಲೆ ಸಿಟ್ಟಾಗಬೇಡ. ಅವರು ನಿನ್ನ ಮಗುವಿನ ಮೇಲಣ ಮಮತೆಯಿಂದಲೇ ಆಡಿದರು. ಆದರೆ ನಿನ್ನ ಒಡೆಯನನ್ನು ಭಯಕ್ಕಾಗಿ ಬದಲಾಯಿಸಬೇಡ. ಮಗುವು ಗುಣವಾದರೆ ಮಾತ್ರ ಆತನು ದೇವರು, ಇಲ್ಲದಿದ್ದರೆ ಅಲ್ಲ ಎಂಬ ಒಡಂಬಡಿಕೆಯನ್ನು ನಾವು ಆತನೊಂದಿಗೆ ಮಾಡಿಕೊಳ್ಳಲಿಲ್ಲ. ತನ್ನ ಸ್ವಂತ ಮಗನು ಶಿಲುಬೆಯ ಮೇಲೆ ಕೂಗಿದಾಗ ಕೇಳಿದಾತನು ನಿನ್ನ ಕೂಗನ್ನೂ ಕೇಳುತ್ತಾನೆ. ವೈದ್ಯರನ್ನು ಕರೆಯುವದು ಅಪನಂಬಿಕೆಯಲ್ಲ. ಅವರ ವಿದ್ಯೆಯೂ ದೇವರ ವರವೇ.

ಇನ್ನೊಬ್ಬನಿಗೆ ಜರಡಿಯು ಬಂಧುಗಳ ಮೂಲಕ ಬರುವದು. ಮದುವೆಯಲ್ಲಿ ಅವನನ್ನು ಕರೆಯುವದಿಲ್ಲ. ಹೊಲದ ಹಂಚಿಕೆಯಲ್ಲಿ ಅವನ ಮಾತು ನಡೆಯುವದಿಲ್ಲ. ಸ್ವಲ್ಪ ಸುಮ್ಮನಿದ್ದರೆ, ಕ್ರಿಸ್ತನ ಹೆಸರನ್ನು ಬಾಯಲ್ಲಿ ಹೇಳದಿದ್ದರೆ ಸಾಕೆಂದು ಕೇಳುತ್ತಾರೆ. ಪೇತ್ರನಿಗೆ ಅಂಗಳದಲ್ಲಿ ಬಂದದ್ದು ಇದೇ ಶೋಧನೆ. ಅಲ್ಲಿ ಕತ್ತಿಯನ್ನು ಹಿಡಿದವನು ಅವನನ್ನು ಕೇಳಲಿಲ್ಲ. ಬೆಂಕಿ ಕಾಯಿಸಿಕೊಳ್ಳುವವರ ನಡುವೆ ಒಬ್ಬ ಹುಡುಗಿ ಕೇಳಿದಳು. ದೊಡ್ಡ ಹಿಂಸೆಗೆ ಸಿದ್ಧರಾದವರು ಚಿಕ್ಕ ಪ್ರಶ್ನೆಗೆ ಬೀಳುವದುಂಟು.

ಮೂರನೆಯ ಬಗೆಯ ಜರಡಿಯು ಯಾರಿಗೂ ಕಾಣದು. ಹೊರಗೆ ಎಲ್ಲವೂ ಸರಿಯಾಗಿದೆ. ಒಳಗೆ ಮಾತ್ರ ಬರಗಾಲ. ಪ್ರಾರ್ಥನೆಗೆ ಮೊಣಕಾಲೂರಿದರೆ ಮಾತು ಬರುವದಿಲ್ಲ. ಬಂದರೂ ಸೂರನ್ನು ದಾಟುವದಿಲ್ಲವೆಂದು ತೋರುತ್ತದೆ. ಇಂಥವನು ನಾಚಿಕೆಯಿಂದ ಸಭೆಗೆ ಬರುವದನ್ನು ಬಿಡುತ್ತಾನೆ. ತನ್ನಂಥ ಕಪಟಿಯು ಅಲ್ಲಿ ಕೂಡ್ರಬಾರದೆಂದು ಎಣಿಸುತ್ತಾನೆ. ಸಹೋದರನೇ, ಕಪಟಿಗೆ ಈ ನೋವು ಇರುವದಿಲ್ಲ. ದೇವರಿಲ್ಲವೆಂದು ಅಳುವವನ ಅಳುವಿನಲ್ಲಿಯೇ ನಂಬಿಕೆಯ ಬೇರು ಇದೆ. ಕೀರ್ತನೆಗಳ ಪುಸ್ತಕದಲ್ಲಿ 88ನೆಯದನ್ನು ತೆರೆದು ನೋಡು. ಅದು ಕತ್ತಲೆಯಲ್ಲಿಯೇ ಮುಗಿಯುತ್ತದೆ. ಆದರೂ ಮೊದಲಿಂದ ಕಡೆಯ ವರೆಗೆ ದೇವರನ್ನು ಕುರಿತೇ ಮಾತಾಡುತ್ತದೆ. ಅಂಥ ಪ್ರಾರ್ಥನೆಯನ್ನೂ ದೇವರು ತನ್ನ ಗ್ರಂಥದಲ್ಲಿ ಸೇರಿಸಿಕೊಂಡಿದ್ದಾನೆ.

ಹಾಗಾದರೆ ಜರಡಿಯಲ್ಲಿರುವಾಗ ಮಾಡತಕ್ಕದ್ದೇನು? ಕತ್ತಲೆಯಲ್ಲಿ ದಾರಿಯನ್ನು ಬದಲಾಯಿಸಬೇಡಿರಿ. ಬೆಳಕಿನಲ್ಲಿ ಕರ್ತನಿಗೆ ಕೊಟ್ಟ ಮಾತನ್ನು ಮನಸ್ಸು ಕುಗ್ಗಿದ ರಾತ್ರಿಯಲ್ಲಿ ಹಿಂತೆಗೆಯಬೇಡಿರಿ. ದೊಡ್ಡ ಪ್ರಾರ್ಥನೆಯು ಬಾರದಿದ್ದರೆ ಕರ್ತನು ಕಲಿಸಿದ ಪ್ರಾರ್ಥನೆಯನ್ನು ಹೇಳಿರಿ. ಅದೂ ಬಾರದಿದ್ದರೆ ಆತನ ಹೆಸರನ್ನಾದರೂ ಹೇಳಿರಿ. ನೀರಿನಲ್ಲಿ ಮುಳುಗುತ್ತಿದ್ದ ಪೇತ್ರನ ಪ್ರಾರ್ಥನೆಯು ಒಂದೆರಡು ಪದಗಳಿಗಿಂತ ಹೆಚ್ಚಾಗಿರಲಿಲ್ಲ. ನಂಬತಕ್ಕ ಒಬ್ಬ ಹಿರಿಯನಿಗೆ ಅಥವಾ ಹಿರಿಯಳಿಗೆ ನಿಮ್ಮ ಸ್ಥಿತಿಯನ್ನು ಹೇಳಿರಿ. ಭಾನುವಾರದ ಸ್ಥಳವನ್ನು ಬಿಡಬೇಡಿರಿ. ನಿಮಗೆ ಹಾಡಲು ಬಾರದಿರುವಾಗ ನಿಮ್ಮ ಪಕ್ಕದವನು ನಿಮಗೋಸ್ಕರ ಹಾಡುವನು. ನಿದ್ದೆಯೂ ಊಟವೂ ಬಿಟ್ಟುಹೋಗಿ, ಬದುಕುವದೇ ಬೇಡವೆಂಬ ಯೋಚನೆ ಬಂದರೆ ಅದನ್ನು ಮುಚ್ಚಿಡದೆ ಆ ದಿನವೇ ಮನೆಯವರಿಗೆ ತಿಳಿಸಿ ವೈದ್ಯರ ಬಳಿಗೂ ಹೋಗಿರಿ. ಎಲೀಯನು ಜಾಲಿಗಿಡದ ಕೆಳಗೆ ಸಾವನ್ನು ಬೇಡಿಕೊಂಡಾಗ ದೇವರು ಮೊದಲು ಕೊಟ್ಟದ್ದು ಗದರಿಕೆಯಲ್ಲ; ನಿದ್ದೆ, ಬಿಸಿ ರೊಟ್ಟಿ, ನೀರು.

ನಾಲ್ಕನೆಯದಾಗಿ, ತಿರುಗಿಕೊಂಡವನಿಗೆ ಕೆಲಸವಿದೆ.

ಸೈತಾನನು ಶಿಷ್ಯರೆಲ್ಲರನ್ನೂ ಕೇಳಿಕೊಂಡನೆಂದು ಹೇಳುವಾಗ ಕರ್ತನು ಅನೇಕರನ್ನು ಕುರಿತು ಮಾತಾಡಿದನು. ತಾನು ಬೇಡಿಕೊಂಡದ್ದನ್ನು ಹೇಳುವಾಗ ಪೇತ್ರನೊಬ್ಬನನ್ನೇ ಕುರಿತು ಮಾತಾಡಿದನು. ಜರಡಿಯು ಎಲ್ಲರಿಗೂ ಬಂದಿತು. ಒಬ್ಬನು ಬಲಗೊಂಡರೆ ಅವನ ಮೂಲಕ ಉಳಿದವರೂ ಬಲಗೊಳ್ಳಲಿ ಎಂಬದೇ ಕರ್ತನ ಏರ್ಪಾಡು. ಮಹಾಯಾಜಕನ ಅಂಗಳದಲ್ಲಿ ಕೆಂಡದ ಬೆಂಕಿಯ ಬಳಿ ಪೇತ್ರನು ಮೂರು ಸಾರಿ ಅಲ್ಲಗಳೆದನು. ಗಲಿಲಾಯ ಸಮುದ್ರದ ದಡದಲ್ಲಿ ಮತ್ತೊಂದು ಕೆಂಡದ ಬೆಂಕಿಯ ಬಳಿ ಕರ್ತನು ಅವನನ್ನು ಮೂರು ಸಾರಿ ಪ್ರೀತಿಯ ವಿಷಯವಾಗಿ ಕೇಳಿ, ತನ್ನ ಕುರಿಗಳನ್ನು ಅವನ ಕೈಗೆ ಒಪ್ಪಿಸಿದನು. ಎಂದೂ ಜಾರದವನಿಗೆ ಅಲ್ಲ, ಜಾರಿ ಎದ್ದವನಿಗೆ ಮಂದೆಯನ್ನು ಒಪ್ಪಿಸಿದನು. ಕಡೆಗೆ ಪೊಂತ, ಗಲಾತ್ಯ, ಕಪ್ಪದೋಕ್ಯ, ಆಸ್ಯ, ಬಿಥೂನ್ಯ ಸೀಮೆಗಳಲ್ಲಿ ಚದರಿದ್ದ ಸಭೆಗಳಿಗೆ ಪೇತ್ರನು ಬರೆದ ಮೊದಲನೆಯ ಪತ್ರದಲ್ಲಿ, ಶತ್ರುವು ಸಿಂಹದಂತೆ ಗರ್ಜಿಸುತ್ತಾ ತಿರುಗುತ್ತಾನೆಂದೂ, ನಂಬಿಕೆಯಲ್ಲಿ ದೃಢವಾಗಿದ್ದು ಅವನನ್ನು ಎದುರಿಸಬೇಕೆಂದೂ ಎಚ್ಚರಿಸುತ್ತಾನೆ. ಆ ಸಿಂಹದ ಹಲ್ಲಿನ ಗುರುತು ಬರೆದವನ ಮೈಮೇಲೆಯೇ ಇತ್ತು.

ನಮ್ಮ ನಾಡಿನ ಸಭೆಗಳೂ ಇದನ್ನು ಕಂಡಿವೆ. 1834ನೆಯ ಇಸವಿ ಅಕ್ಟೋಬರ್ 30ರಂದು ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನಿನವರು ಮಂಗಳೂರಿನಲ್ಲಿ ಇಳಿದರು. ಎಂಭತ್ತು ವರ್ಷಗಳ ಮೇಲೆ, 1914ರಲ್ಲಿ, ಯುರೋಪಿನಲ್ಲಿ ಮಹಾಯುದ್ಧವು ಹುಟ್ಟಿತು. ಜರ್ಮನಿಯವರಾದ ಮಿಷನರಿಗಳನ್ನು ಬಂಧನದ ಶಿಬಿರಗಳಿಗೆ ಒಯ್ದರು; ಬಳಿಕ ಅವರು ದೇಶವನ್ನು ಬಿಡಬೇಕಾಯಿತು. ಎಷ್ಟೋ ಕುಟುಂಬಗಳಿಗೆ ಅನ್ನ ಕೊಟ್ಟಿದ್ದ ಹಂಚಿನ ಮತ್ತು ನೆಯ್ಗೆಯ ಕಾರ್ಖಾನೆಗಳು ಬೇರೆಯವರ ಕೈ ಸೇರಿದವು. ಸಭೆಯು ಮಿಷನರಿಯ ಮೇಲೆ ನಿಂತಿತ್ತೋ, ಕ್ರಿಸ್ತನ ಮೇಲೆ ನಿಂತಿತ್ತೋ ಎಂಬದು ಆ ಜರಡಿಯಲ್ಲಿ ತಿಳಿದುಬಂತು. ಈ ನಾಡಿನವರೇ ಆದ ಬೋಧಕರೂ ಉಪದೇಶಿಗಳೂ ಶಾಲೆಯ ಉಪಾಧ್ಯಾಯರೂ ಸಭೆಯ ಹಿರಿಯರೂ ಭಾನುವಾರದ ಗಂಟೆಯನ್ನು ನಿಲ್ಲಿಸಲಿಲ್ಲ. ಆ ಸಭೆಗಳು ಇಂದಿಗೂ ಇವೆ.

ಆದಕಾರಣ ಈಗ ನಿಂತಿರುವವರಿಗೆ ಒಂದು ಮಾತು. ಒಂದು ಕುಟುಂಬವು ಸಭೆಗೆ ಬರುವದನ್ನು ಬಿಟ್ಟರೆ, ಅವರು ಹಿಂಜರಿದರೆಂದು ಕೂಡಲೇ ತೀರ್ಪುಕೊಡುತ್ತೇವೆ; ಯಾವ ಪಾಪಕ್ಕಾಗಿ ಈ ಕಷ್ಟವು ಬಂದಿತೋ ಎಂದು ಬಾವಿಕಟ್ಟೆಯಲ್ಲಿ ಮಾತಾಡುತ್ತೇವೆ. ಯೋಬನ ಸ್ನೇಹಿತರು ಮೊದಲ ಏಳು ದಿನ ಮೌನವಾಗಿ ಅವನೊಡನೆ ನೆಲದ ಮೇಲೆ ಕುಳಿತರು. ಅವರು ಮಾಡಿದ್ದರಲ್ಲಿ ಒಳ್ಳೇದು ಅದೊಂದೇ. ಬಾಯಿ ತೆರೆದ ಮೇಲೆ ಅವರು ಅವನ ಗಾಯಕ್ಕೆ ಉಪ್ಪಾದರು, ದೇವರ ಕೋಪಕ್ಕೂ ಗುರಿಯಾದರು. ಜರಡಿಯಲ್ಲಿರುವವನಿಗೆ ನಮ್ಮ ತೀರ್ಪು ಬೇಡ; ನಮ್ಮ ಪಾದಗಳು ಅವನ ಹೊಸ್ತಿಲಿಗೆ ಬರಬೇಕು. ಈ ವಾರ ನಿಮ್ಮ ಸಭೆಯಲ್ಲಿ ಯಾವ ಸ್ಥಳವು ಖಾಲಿಯಾಗಿತ್ತೆಂದು ನೆನಪುಮಾಡಿಕೊಳ್ಳಿರಿ. ಭಾನುವಾರದ ವರೆಗೆ ಕಾಯಬೇಡಿರಿ. ಆ ಮನೆಗೆ ಹೋಗಿರಿ, ಉಪದೇಶ ಮಾಡಬೇಡಿರಿ, ಕುಳಿತುಕೊಂಡು, ಅವರು ಅನುಮತಿಸಿದರೆ ಚಿಕ್ಕ ಪ್ರಾರ್ಥನೆಯನ್ನು ಮಾಡಿ ಬನ್ನಿರಿ. ಒಂದು ಆತ್ಮವು ಉಳಿಯುವದೂ ಉದುರುವದೂ ಎಷ್ಟೋ ಸಾರಿ ಇಷ್ಟು ಚಿಕ್ಕ ಕೆಲಸದ ಮೇಲೆ ನಿಂತಿರುತ್ತದೆ.

ಜರಡಿಯಲ್ಲಿರುವವರಿಗೆ ಕಡೆಯ ಮಾತು ಇದು. ಪೇತ್ರನು ತನ್ನ ಹೋರಾಟವು ಆರಂಭವಾಯಿತೆಂದು ತಿಳಿಯುವದಕ್ಕೆ ಮುಂಚೆಯೇ ಕರ್ತನು ಅವನಿಗೋಸ್ಕರ ಬೇಡಿಕೊಂಡಾಗಿತ್ತು. ನಿಮ್ಮ ನಂಬಿಕೆಯನ್ನು ನೀವು ಹಿಡಿದಿರುವದು ಸಡಿಲವಾಗಿರಬಹುದು. ನಿಮ್ಮನ್ನು ಹಿಡಿದಿರುವ ಕೈ ಸಡಿಲವಾಗಿಲ್ಲ. ತಂದೆಯ ಬಲಗಡೆಯಲ್ಲಿ ಈಗಲೂ ನಮಗಾಗಿ ಬೇಡುವಾತನು ಒಬ್ಬನಿದ್ದಾನೆ. ಆತನ ಬೇಡಿಕೆಯು ಎಂದೂ ವ್ಯರ್ಥವಾಗಲಿಲ್ಲ. ಅಲ್ಲಾಡಿಸುವ ಕಾಲವು ಮುಗಿಯುವದು. ಕಾಳು ಕಣಜವನ್ನು ಸೇರುವದು.

ಸಕಲ ಕೃಪೆಯ ದೇವರು ನಮ್ಮ ಎಲ್ಲಾ ಮನೆಗಳನ್ನೂ ನಂಬಿಕೆಯಲ್ಲಿ ನಿಲ್ಲಿಸಿ, ಬಿದ್ದವರನ್ನು ಎತ್ತಿ, ಎದ್ದವರ ಮೂಲಕ ಇತರರನ್ನು ಬಲಪಡಿಸಲಿ. ಆಮೆನ್.